ಒಂದು ಮುಳ್ಳಿನ ಗಡಿಯಾರ

ಹಳೆಯ ಕಿಸೆ ಗಡಿಯಾರ ಹುಡುಕಿ ಕೊಳ್ಳುವ ಕೆಲಸ ಕಲಿಯಬೇಕೆಂದು ಈಗೀಗ ಕೆಲವು ಹುಡುಗರು ನನ್ನ ಬಳಿ ಬರುತ್ತಾರೆ. ಬಂದವರು ಕುರ್ಚಿಯಲ್ಲಿ ನೆಟ್ಟಗೆ ಕೂರುವ ಮೊದಲೇ ಫೋನಿನಲ್ಲಿ ಒಂದು ಚಿತ್ರ ತೆಗೆದು, ಇದಕ್ಕೆ ಎಷ್ಟು ಬಂದೀತು ಎಂದು ಕೇಳುತ್ತಾರೆ. ಬೆಲೆ ಹೇಳುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಗಡಿಯಾರ ಯಾರ ಮನೆಯಲ್ಲಿದೆ, ಅಲ್ಲಿ ಅದು ಏನು ಮಾಡುತ್ತಾ ಕೂತಿದೆ ಎಂಬುದನ್ನು ತಿಳಿಯುವುದು ಕಷ್ಟ. ಅದು ಫೋನಿನಲ್ಲಿ ಕಾಣುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೂ ಈ ಕೆಲಸವೇ ಬೇಕು ಎನಿಸಿದರೆ ಬನ್ನಿ, ಚಹಾ ಕುಡಿಯೋಣ.

ಎಪ್ಪತ್ತರ ದಶಕ ಶುರುವಾದಾಗ ನಾನು ವಿಜಾಪುರದ ಒಂದು ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದೆ. ಕೆಲಸ ನನಗೆ ಹತ್ತಲಿಲ್ಲ. ಬೆರಳು ದಪ್ಪ. ಮೇಲಾಗಿ ಗಡಿಯಾರ ಬಿಚ್ಚುವಾಗ ಗಿರಾಕಿಯ ಜೊತೆ ಮಾತಾಡುವ ಚಟ. ಇದನ್ನು ಯಾರು ಕೊಟ್ಟರು, ಮದುವೆಯಲ್ಲಿ ಬಂದದ್ದೋ, ಕೊಟ್ಟ ಮಾವ ಇನ್ನೂ ಇದ್ದಾನೋ ಎಂದು ಕೇಳುತ್ತಾ ಕೂತರೆ ಸಾಸಿವೆಯಷ್ಟು ಸ್ಕ್ರೂ ನೆಲಕ್ಕೆ ಬಿದ್ದು ಮಾಯವಾಗುತ್ತಿತ್ತು. ಒಂದು ದಿನ ಮಾಲಕರು ನನ್ನನ್ನು ಸೋಲಾಪುರದ ಒಬ್ಬ ಸೇಠರ ಹತ್ತಿರ ಕರೆದೊಯ್ದರು. "ಇವನ ಕೈ ಏನೂ ಕೆಲಸದ್ದಲ್ರಿ, ಬಾಯಿ ಮಾತ್ರ ಛಲೋ ಐತಿ. ನಿಮಗ ಉಪಯೋಗ ಆದ್ರ ನೋಡ್ರಿ" ಎಂದು ಒಪ್ಪಿಸಿ ಬಂದುಬಿಟ್ಟರು. ಆಗ ನನಗೆ ಭಾರಿ ಅವಮಾನವಾಯಿತು. ಈಗ ಯೋಚಿಸಿದರೆ ನನ್ನ ಬಗ್ಗೆ ಅಷ್ಟು ಸರಿಯಾಗಿ ಬೇರೆ ಯಾರೂ ಹೇಳಿಲ್ಲ.

ಸೇಠರು ಹಳೆಯ ಕಿಸೆ ಗಡಿಯಾರ ಕೊಂಡು ಮುಂಬಯಿಯ ಮೂಲಕ ಪರದೇಶದ ಸಂಗ್ರಾಹಕರಿಗೆ ಮುಟ್ಟಿಸುತ್ತಿದ್ದರು. ಎಲ್ಲ ಗಡಿಯಾರ ಅವರಿಗೆ ಬೇಡ. ಅಮೆರಿಕದಲ್ಲಿ ತಯಾರಾಗಿ ಹೊರದೇಶಕ್ಕೆಂದೇ ಹಡಗು ಹತ್ತಿದವು ಬೇಕು. ಅದೇಕೆ ಎಂದು ನಾನು ಮೊದಲ ದಿನವೇ ಕೇಳಿದೆ. ಅವರು ಒಂದನ್ನು ಬಿಚ್ಚಿ ಅಂಗೈ ಮೇಲಿಟ್ಟು ವಿವರಿಸಿದರು. ಅಮೆರಿಕದವರು ತಲೆಯ ಗುಂಡಿ ತಿರುವಿ ಕೀಲಿ ಕೊಡುವ ಗಡಿಯಾರಕ್ಕೆ ಹೊರಳಿದ ಮೇಲೂ ಇಂಗ್ಲಿಷರಿಗೆ ಪ್ರತ್ಯೇಕ ಕೀಲಿ ಹಾಕಿ ತಿರುವುವ ಹಳೆಯ ನಮೂನೆಯೇ ಬೇಕಿತ್ತಂತೆ. ಕಾರ್ಖಾನೆಯವರು ಕೇಳಿದ್ದನ್ನು ಮಾಡಿ ಕಳಿಸಿದರು. ಒಳಗಿನ ಯಂತ್ರ ಅಮೆರಿಕದ್ದು, ಮೇಲಿನ ಬೆಳ್ಳಿ ಕವಚ ಇಂಗ್ಲೆಂಡಿನದು. ಅಲ್ಲಿಂದ ಸಾಹೇಬರ ಕೋಟಿನ ಕಿಸೆಯಲ್ಲಿ ಕೂತು ನಮ್ಮ ಕಡೆಗೆ ಬಂತು. ಸಾಹೇಬರು ಹೋಗುವಾಗ ಯಾರಿಗೋ ಕೊಟ್ಟು ಹೋದರು. ಮೂರು ದೇಶ ಕಂಡ ಗಡಿಯಾರ ಕೊನೆಗೆ ಸಿಂದಗಿ ತಾಲೂಕಿನ ಯಾವುದೋ ಮನೆಯ ನೆಲದೊಳಗೆ ಜೋಳ ತುಂಬುವ ಹಗೇವಿನ ಪಕ್ಕದ ಗೋಡೆಗೂಡಿನಲ್ಲಿ ಬಂದು ಕೂತಿದೆ ಎಂದರೆ, ಹೋಗಿ ನೋಡದೆ ಇರುವುದು ಹೇಗೆ? ಸಂಬಳ ಕೇಳುವುದನ್ನೂ ಮರೆತು ನಾನು ಒಪ್ಪಿಕೊಂಡೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕು ನನ್ನ ಪಾಲಿಗೆ ಬಂದವು. ಬಸ್ಸಿಳಿದು ಊರೊಳಗೆ ಹೋಗಿ, ಹಳೆಯ ಗಡಿಯಾರ ಇದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಸರಕಾರದವನೋ ಕಳ್ಳನೋ ಎಂಬ ಅನುಮಾನ. ನಾನು ಕಟ್ಟೆಯ ಮೇಲೆ ಕೂತು, "ನಿಮ್ಮ ಅಜ್ಜಗ ಟೈಮ್ ಹೆಂಗ ತಿಳೀತಿತ್ತ್ರಿ?" ಎಂದು ಕೇಳುತ್ತಿದ್ದೆ. ಈ ಪ್ರಶ್ನೆಗೆ ಉತ್ತರ ಇಲ್ಲದ ಮನುಷ್ಯ ನನಗೆ ಸಿಕ್ಕಿಲ್ಲ. ಒಬ್ಬ ನೆರಳು ಎನ್ನುತ್ತಾನೆ, ಒಬ್ಬ ಕೋಳಿ ಎನ್ನುತ್ತಾನೆ, ಇನ್ನೊಬ್ಬ ತನ್ನ ಅಜ್ಜನಿಗೆ ಹೊಟ್ಟೆ ಹಸಿದಾಗಲೇ ಹನ್ನೆರಡು ಎನ್ನುತ್ತಾನೆ. ಆಮೇಲೆ ಮೂಲೆಯಲ್ಲಿ ಕೂತ ಯಾರೋ ಒಬ್ಬ, "ಗೌಡ್ರ ಮನ್ಯಾಗ ಒಂದು ಸರಪಳಿ ಗಡಿಯಾರ ಇತ್ತಪ" ಎನ್ನುತ್ತಾನೆ. ಅಲ್ಲಿಗೆ ನನ್ನ ದಿನದ ಕೂಲಿ ಹುಟ್ಟಿತು.

ದೇವಣಗಾಂವದಲ್ಲಿ ಒಬ್ಬ ಕುರಿಗಾರ ಅಜ್ಜ ಇದ್ದ. ಹೊಳೆಯ ದಂಡೆಯ ಮೇಲೆ ಕುರಿ ಬಿಟ್ಟುಕೊಂಡು, ಕಂಬಳಿಯ ಒಳಗೆ ಬೆಳ್ಳಿ ಸರಪಳಿ ಇಳಿಬಿಟ್ಟುಕೊಂಡು ಕೂತಿರುತ್ತಿದ್ದ. ತೆಗೆದು ತೋರಿಸಿದ. ಸುಂದರವಾದ ಗಡಿಯಾರ, ನಿಂತುಹೋಗಿತ್ತು. ಮಾರುತ್ತೀಯಾ ಎಂದೆ, ಇಲ್ಲ ಎಂದ. ಹೋಗಲಿ, ಪುಕ್ಕಟೆ ರಿಪೇರಿ ಮಾಡಿಸಿಕೊಡುತ್ತೇನೆ ಎಂದೆ. ಹೇಗಾದರೂ ಮಾಡಿ ಒಳಗಿನ ಯಂತ್ರ ನೋಡಬೇಕೆಂಬ ಆಸೆ ನನ್ನದು. ಅಜ್ಜ ಗಡಿಯಾರವನ್ನು ಅವಸರದಲ್ಲಿ ಒಳಗೆ ಸೇರಿಸಿಕೊಂಡ. "ಬ್ಯಾಡ ಮಾರಾಯಾ. ಈಗ ಯಾರರ ಟೈಮ್ ಕೇಳಿದ್ರ ನಿಂತೈತಿ ಅಂತೇನಿ, ಮರ್ಯಾದಿ ಉಳೀತದ. ಇದು ನಡಿಯಾಕ ಹತ್ತಿತಂದ್ರ ನನಗ ನೋಡಾಕ ಬರಂಗಿಲ್ಲ ಅನ್ನೂದು ಊರಿಗೆಲ್ಲ ಗೊತ್ತಾಗ್ತದ" ಎಂದ. ನಾನು ಬಹಳ ಹೊತ್ತು ನಕ್ಕೆ. ಅವನೂ ನಕ್ಕ. ಕೊಡಲಿಲ್ಲ.

ಮನಗೂಳಿಯಲ್ಲಿ ಆದದ್ದಕ್ಕೆ ಮಾತ್ರ ನಗಬೇಕೋ ಅಳಬೇಕೋ ಇಂದಿಗೂ ಗೊತ್ತಿಲ್ಲ. ಅಲ್ಲಿಯ ಒಂದು ಮನೆಯಲ್ಲಿ ನಡೆಯುವ ಗಡಿಯಾರ ಇದೆಯೆಂದು ಖಾತ್ರಿ ಮಾಡಿಕೊಂಡು, ಬರುವ ವಾರ ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ. ಹೋದಾಗ ಮನೆಯ ಅಜ್ಜಿ ಬಾಗಿಲಲ್ಲೇ ಎದುರುಗೊಂಡಳು. ಕೊಳ್ಳುವವರು ಬರುತ್ತಾರೆಂದು ಆಕೆ ಗಡಿಯಾರವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಅಮಾವಾಸ್ಯೆಗೆ ಹಿತ್ತಾಳೆ ಸಾಮಾನು ತೊಳೆದಂತೆ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಒಳಗೂ ಹೊಲಸು ಇರುತ್ತದೆಂದು ಗಡಿಯಾರದ ಹಿಂದಿನ ಮುಚ್ಚಳ ತೆಗೆದು ಬಿಸಿನೀರು ಹೊಯ್ದಿದ್ದಳು. "ಎಷ್ಟು ಕರ್ರಗ ನೀರು ಬಂತು ಅಂತೀರಿ" ಎಂದು ಹೆಮ್ಮೆಯಿಂದ ಹೇಳಿದಳು. ಬಂದ ಕಪ್ಪು ನೀರು ಆ ಗಡಿಯಾರದ ಎಣ್ಣೆ. ಬಂಗಾರದಂಥ ಯಂತ್ರಕ್ಕೆ ತುಕ್ಕು ಹಿಡಿಯಲು ಶುರುವಾಗಿತ್ತು. ಮಗ ತಲೆ ತಗ್ಗಿಸಿ ನಿಂತಿದ್ದ. ನಾನು ಆಕೆಗೆ, ಇಷ್ಟು ಸ್ವಚ್ಛವಾದ ಗಡಿಯಾರ ನಾನು ನೋಡೇ ಇಲ್ಲ ಎಂದೆ. ಅದು ಸತ್ಯವೇ ಆಗಿತ್ತು.

ಮುದ್ದೇಬಿಹಾಳದಲ್ಲಿ ನನ್ನ ಪೈಪೋಟಿ ಪತ್ತಾರರ, ಅಂದರೆ ಅಕ್ಕಸಾಲಿಗರ ಜೊತೆ. ಅವರಿಗೆ ಬೆಳ್ಳಿ ಕವಚ ಬೇಕು, ಕರಗಿಸಿ ಕೂಸಿನ ಉಡದಾರ ಮಾಡುತ್ತಿದ್ದರು. ಒಳಗಿನ ಯಂತ್ರ ಅವರ ಲೆಕ್ಕದಲ್ಲಿ ಕಸ. ನಾನು ಆ ಕಸವನ್ನು ಅಲ್ಲಿಂದ ಆರಿಸಿ ತರುತ್ತಿದ್ದೆ. ಕವಚ ಇನ್ನೆಲ್ಲೋ ಯಾರದೋ ಎಲೆ ಅಡಿಕೆಯ ಸಂಚಿಯಲ್ಲಿ ಸುಣ್ಣದ ಡಬ್ಬಿಯಾಗಿ ಸಿಗುತ್ತಿತ್ತು. ಅಮೆರಿಕದ ಗಡಿಯಾರದ ಗುಣವೆಂದರೆ ಎಲ್ಲ ಭಾಗಗಳೂ ಯಂತ್ರದಲ್ಲಿ ಮಾಡಿದವು, ಒಂದೇ ನಮೂನೆಯ ಎರಡು ಗಡಿಯಾರದಲ್ಲಿ ಇದರ ಗಾಲಿ ಅದಕ್ಕೆ ಕೂಡುತ್ತದೆ. ಸೇಠರ ಅಂಗಡಿಯಲ್ಲಿ ಎರಡು ಸತ್ತ ಗಡಿಯಾರದಿಂದ ಒಂದು ಜೀವಂತ ಗಡಿಯಾರ ಮಾಡುವುದೇ ದೊಡ್ಡ ಕಲೆ ಎನಿಸಿಕೊಂಡಿತ್ತು. ಕೂಡಿಸಿದ್ದು ಗೊತ್ತಾಗದಂತೆ ಕೂಡಿಸಿದವನಿಗೆ ಭಕ್ಷೀಸು ಇತ್ತು.

ದಶಕದ ನಡುವಿಗೆ ಬರುವಷ್ಟರಲ್ಲಿ ಇದು ತಿರುಗಿ ಬಿತ್ತು. ಪರದೇಶದ ಗಿರಾಕಿಗಳು ಜಾಣರಾದರು. ಕವಚ, ಯಂತ್ರ, ಕೀಲಿ ಮೂರೂ ಹುಟ್ಟಿನಿಂದ ಒಟ್ಟಿಗೆ ಇದ್ದವೇ ಆಗಬೇಕು, ಕೂಡಿಸಿದ್ದು ಬೇಡ ಎಂದರು. ನಮ್ಮ ಕಲೆಯೆಲ್ಲ ಒಂದೇ ಸಲಕ್ಕೆ ಮೋಸ ಎನಿಸಿಕೊಂಡಿತು. ಸೇಠರು ಒಂದು ವಾರ ಕೂಡಿಸಿದ ಗಡಿಯಾರಗಳನ್ನು ಪೆಟ್ಟಿಗೆಗೆ ತುಂಬುತ್ತಾ ಕೂತರು. ಆಮೇಲೆ ನನ್ನನ್ನು ಕರೆದು, "ಇನ್ನ ಮ್ಯಾಲ ಒಂದೂ ಗಾಲಿ ಬದಲಾಗದ ಗಡಿಯಾರ ಹುಡುಕು. ಕೀಲಿ ಸಹಿತ ಬೇಕು. ಒಂದು ಸಿಕ್ರೂ ಸಾಕು, ಹತ್ತರ ಬೆಲಿ ಬರ್ತದ" ಎಂದರು. ಹೇಳುವುದು ಸುಲಭ. ಗುಬ್ಬಿಯ ಕಾಲಿನಷ್ಟಿರುವ ಕೀಲಿ, ತಲೆಮಾರುಗಟ್ಟಲೆ ಹಿಂದಿನದು, ಯಾರ ಮನೆಯಲ್ಲಿ ಉಳಿದಿರುತ್ತದೆ? ನಾನು ತಿಂಗಳುಗಟ್ಟಲೆ ತಿರುಗಿದೆ. ಗಡಿಯಾರ ಸಿಕ್ಕರೆ ಕೀಲಿ ಇಲ್ಲ. ಬರಿಗೈಯಲ್ಲಿ ಹೋದಾಗಲೆಲ್ಲ ಸೇಠರು ನನ್ನ ಮುಖ ನೋಡದೆ ಬೀದಿ ನೋಡುತ್ತಿದ್ದರು. ಈ ಸಲವೂ ತರದಿದ್ದರೆ ಬೇರೆ ಕೆಲಸ ನೋಡಿಕೋ ಎಂದು ಬಾಯಿಬಿಟ್ಟು ಹೇಳುವುದೊಂದು ಬಾಕಿ ಇತ್ತು.

ಹೊರ್ತಿಯ ಸುದ್ದಿ ಬಂದದ್ದು ಆ ಹೊತ್ತಿನಲ್ಲಿ. ಇಂಡಿಯ ಒಬ್ಬ ರಿಪೇರಿಯವನ ಅಂಗಡಿಯಲ್ಲಿ ಕೂತಿದ್ದೆ. "ಹೊರ್ತ್ಯಾಗ ಗುರುಪಾದಪ್ಪ ಅಂತ ಅದಾನ್ರಿ. ಅವರ ತೋಟದಾಗ ಐತಿ ಗಡಿಯಾರ, ಕೀಲಿ ಹಾಕಿ ತಿರುವೂದು. ನಿಂತಿತ್ತು, ನಾನ ಒಳಗ ಸ್ವಚ್ಛ ಮಾಡಿ ಕೊಟ್ಟೆ. ಒಂದ ಮುಳ್ಳ ಇತ್ತು, ಇನ್ನೊಂದು ಹಾಕಿ ಕೊಟ್ಟೇನಿ" ಎಂದ. ಎರಡನೆಯ ಮುಳ್ಳು ಹಾಕೆಂದು ಅವರು ಹೇಳಿದ್ದರೇ ಎಂದು ಕೇಳಿದೆ. "ಹೇಳೂದೇನ್ರಿ? ಒಂದ ಮುಳ್ಳಿನ ಗಡಿಯಾರ ನನ್ನ ಅಂಗಡಿಯಿಂದ ಹೊರಗ ಹೋದ್ರ ಮಂದಿ ನನಗೇನಂದಾರು?" ಎಂದ.

ಮರುದಿನವೇ ಹೋದೆ. ಗುರುಪಾದಪ್ಪನವರು ಅರವತ್ತು ದಾಟಿದ, ಅಳತೆಯ ಮಾತಿನ ಮನುಷ್ಯ. ನಿಂಬೆ ತೋಟದ ನಡುವೆ ಕಲ್ಲು ಕಟ್ಟಿದ ದೊಡ್ಡ ಬಾವಿ, ಅದರ ಮೇಲೆ ಡೀಸೆಲ್ ಎಂಜಿನ್. ಬಾವಿಯ ಕಟ್ಟೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಗಡಿಯಾರ. ಎತ್ತಿ ನೋಡಿದೆ. ಬೆಳ್ಳಿ ಕವಚ, ಇಂಗ್ಲೆಂಡಿನ ಮುದ್ರೆ, ಒಳಗೆ ಅಮೆರಿಕದ ಯಂತ್ರ, ಅದರ ಒಂದು ಗಾಲಿಯೂ ಬದಲಾಗಿಲ್ಲ. ತಾಸಿನ ಮುಳ್ಳು ನೀಲಿ ಉಕ್ಕಿನದು, ಅಗಲವಾದದ್ದು. ನಿಮಿಷದ ಮುಳ್ಳು ತೆಳ್ಳಗೆ, ಕಪ್ಪಗೆ, ಯಾವುದೋ ಕೈಗಡಿಯಾರದಿಂದ ತಂದದ್ದು. ಗಾಜಿನ ಸುತ್ತ ಅರಗು ಅಂಟಿದ ಗುರುತು. ಗಡಿಯಾರಕ್ಕೆ ಅರಗು ಹಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಇದೇನಿದು ಎಂದು ಕೇಳದೆ ಇರಲಾಗಲಿಲ್ಲ.

"ಅದೊಂದು ದೊಡ್ಡ ಕತಿರಿ" ಎಂದು ಗುರುಪಾದಪ್ಪನವರು ಶುರುಮಾಡಿದರು. ರೈಲು ದಾರಿ ಹಾಕುವ ಕಾಲಕ್ಕೆ ಅವರ ಅಜ್ಜ ಅಲ್ಲಿ ಮೇಸ್ತ್ರಿಯಾಗಿದ್ದರು. ಸಾಹೇಬನೊಬ್ಬ ಊರಿಗೆ ಹೋಗುವಾಗ ಅವರಿಗೆ ಕೊಟ್ಟ ಗಡಿಯಾರ ಇದು. ತಂದೆ ತೀರಿದ ಮೇಲೆ ಗುರುಪಾದಪ್ಪನವರೂ ಅವರ ತಮ್ಮನೂ ಪಾಲಾದರು. ಹೊಲ ಕಡಿದು ಹಂಚಿದರು, ಬಾವಿ ಕಡಿಯಲು ಬರುವುದಿಲ್ಲ. ಹಿರಿಯರು ಕೂತು, ಬೆಳಗಿನ ನೀರು ಒಂದು ಮನೆಗೆ, ಮಧ್ಯಾಹ್ನದ ನೀರು ಇನ್ನೊಂದು ಮನೆಗೆ, ವಾರಕ್ಕೊಮ್ಮೆ ಅದಲು ಬದಲು ಎಂದು ಪಾಳಿ ಹಚ್ಚಿದರು. ಪಾಳಿ ಅಳೆಯಲು ಗಡಿಯಾರ. ಅದು ಅಣ್ಣನ ಮನೆಯಲ್ಲಿ ಇರಬೇಕು, ಕೀಲಿ ತಮ್ಮನ ಮನೆಯಲ್ಲಿ ಇರಬೇಕು. ಮುಳ್ಳು ಸರಿಸುವುದೂ ಆ ಕೀಲಿಯಿಂದಲೇ. ಕೀಲಿ ಇಲ್ಲದೆ ಮುಳ್ಳು ತಿರುವಲು ಅಣ್ಣನಿಗೆ ಬರಬಾರದು, ಗಡಿಯಾರ ಇಲ್ಲದೆ ತಮ್ಮನಿಗೆ ಬರಬಾರದು. ದಿನಾ ಬೆಳಿಗ್ಗೆ ಬಾವಿಯ ಮೇಲೆ ಎರಡೂ ಕೂಡಬೇಕು.

"ಅಷ್ಟಾದ್ರೂ ಜಗಳ ನಿಲ್ಲಲಿಲ್ರಿ. ಒಂದ್ ನಿಮಿಷ ಹೆಚ್ಚಾತು, ಎರಡ ನಿಮಿಷ ಕಡಿಮಿ ಆತು ಅಂತ ಗುದ್ದಾಟ. ಅದಕ್ಕ ಹಿರ್ಯಾರೊಬ್ರು ನಿಮಿಷದ ಮುಳ್ಳನ ಕಿತ್ತಿಸಿ ಒಗದ್ರು. ಗಾಜಿಗೆ ಅರಗು ಹಾಕಿ ಮುಚ್ಚಿಸಿದ್ರು. ತಾಸಿನ ಮುಳ್ಳು ಅಂಕಿ ಮ್ಯಾಲ ಬಂತಂದ್ರ ಪಾಳಿ ಬದಲಿ. ಅಂಕಿ ದಪ್ಪ ಐತಿ. ಮುಳ್ಳು ಅದನ್ನ ದಾಟೂ ತನಕ ಯಾರೂ ಬಾಯಿ ತೆಗೀಬಾರ್ದು ಅಂದ್ರು" ಎಂದರು ಗುರುಪಾದಪ್ಪ. ಜಗಳ ಅಂದೇ ನಿಂತಿತಂತೆ.

ನನ್ನ ವೃತ್ತಿಯಲ್ಲಿ ನಾನು ಕಂಡ ಅತ್ಯಂತ ಚಂದದ ರಿಪೇರಿ ಅದು. ಒಂದು ಅಂಕಿಯ ಅಗಲದಷ್ಟು ಸೈರಣೆಯನ್ನು ಆ ಮುದುಕರು ಗಡಿಯಾರದೊಳಗೇ ಕೂಡಿಸಿ ಅರಗು ಹಾಕಿಬಿಟ್ಟಿದ್ದರು.

ತಮ್ಮ ಈಗ ಇಲ್ಲ. ಅವನ ಹೆಂಡತಿ ನೀಲವ್ವ ತನ್ನ ಪಾಲಿನ ತೋಟ ತಾನೇ ನೋಡಿಕೊಳ್ಳುತ್ತಾಳೆ. ಕೀಲಿ ಆಕೆಯ ಹತ್ತಿರ. ಗಡಿಯಾರ ನಿಂತಾಗ ಗುರುಪಾದಪ್ಪನವರ ಮಗ ಮಲ್ಲಪ್ಪ ಅದನ್ನು ಇಂಡಿಗೆ ಒಯ್ದ. ಅರಗು ಒಡೆಯಿತು, ಹೊಸ ಮುಳ್ಳು ಬಂತು. ಅಂದಿನಿಂದ ನೀಲವ್ವ ತನಗೆ ನೀರು ಕಡಿಮೆ ಬರುತ್ತಿದೆ ಎನ್ನುತ್ತಿದ್ದಾಳೆ. ಹೊಸದಾಗಿ ಹಚ್ಚಿದ ನಿಂಬೆ ಸಸಿಗಳ ಕೊನೆಯ ಸಾಲಿಗೆ ನೀರು ಮುಟ್ಟುತ್ತಿಲ್ಲವಂತೆ. ಗಡಿಯಾರ ನೋಡಿಯೇ ಬಿಡುತ್ತಿದ್ದೇವಲ್ಲ ಎನ್ನುತ್ತಾನೆ ಮಲ್ಲಪ್ಪ. "ನನಗ ಸಾಕಾಗೇತ್ರಿ. ಮಾರಿಬಿಡ್ತೇನಿ, ಒಯ್ರಿ. ಇನ್ನ ಆಕಾಶದಾಗಿನ ಹೊತ್ತು ನೋಡಿ ನೀರು ಬಿಡೂನು" ಎಂದರು ಗುರುಪಾದಪ್ಪ. ಕೀಲಿ ಇಲ್ಲದೆ ಒಯ್ದರೆ ಸೇಠರು ಮುಟ್ಟುವುದಿಲ್ಲ. ಹಾಗಾಗಿ ನಾನು ನೀಲವ್ವನ ಮನೆಗೆ ಹೋದೆ.

ಆಕೆ ಬಾಗಿಲ ಒಳಗೆ ಕೂತು, ನಾನು ಕಟ್ಟೆಯ ಮೇಲೆ ಕೂತು ಮಾತು ನಡೆಯಿತು. ಮಾರಾಟದ ಸುದ್ದಿ ಕೇಳಿ ಆಕೆ ಸೆರಗಿನ ಗಂಟು ಹಿಡಿದುಕೊಂಡಳು.

"ಹೊತ್ತು ನೋಡಿ ನೀರು ಬಿಡೂನು ಅಂತಾರಂತ. ಹೊತ್ತಿಗೆ ಕೀಲಿ ಇಲ್ರಿ. ಗಡಿಯಾರಕ್ಕ ಐತಿ, ಅದು ನನ್ನ ಹತ್ರ ಐತಿ. ಅದೂ ಹೋದ್ರ ನನ್ನ ನೀರು ಯಾರ ಬಾಯಾಗಿನ ಮಾತು?"

ಭಾವನವರಿಗೆ ಇದನ್ನು ನೇರವಾಗಿ ಹೇಳಬಹುದಲ್ಲ ಎಂದೆ. ಹೇಳಿದ ಮೇಲೆ ನನ್ನ ದಡ್ಡತನ ನನಗೇ ಹೊಳೆಯಿತು. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ಆ ಮನೆಗಳಲ್ಲಿ ಇಲ್ಲ. ಆಕೆ ಮದುವೆಯಾಗಿ ಬಂದಾಗಿನಿಂದ ಒಂದು ಮಾತನ್ನೂ ಅವರ ಜೊತೆ ಆಡಿದವಳಲ್ಲ. ಏನಿದ್ದರೂ ಗಂಡನ ಮೂಲಕ, ಗಂಡ ಹೋದ ಮೇಲೆ ಮಲ್ಲಪ್ಪನ ಮೂಲಕ. ಆಕೆಯ ದೂರು ಮಲ್ಲಪ್ಪನ ಮೇಲೇ ಇರುವಾಗ ಅವನ ಬಾಯಿಂದ ಅದು ಹೇಗೆ ದಾಟೀತು?

"ನೀವು ಗಡಿಯಾರದ ಮಂದಿ. ನಾಳಿ ಒಂದಿನ ಭಾಂವಿ ಮ್ಯಾಲ ಕೂಡ್ರಿ. ಅದು ಖರೇ ಐತೋ ಸುಳ್ಳೋ ನೋಡಿ ಹೇಳ್ರಿ. ಖರೇ ಐತಿ ಅಂದ್ರ ನನ್ನ ತಲ್ಯಾಗಿಂದು ಖೊಟ್ಟಿ ಅಂತ ತಿಳಕೋತೇನಿ. ಕೀಲಿ ಕೊಡ್ತೇನಿ, ಎರಡೂ ಒಯ್ರಿ" ಎಂದಳು. ಮಾತು ಮುರಿಯುವ ಹೆಂಗಸಲ್ಲ ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆಯೇ ಹೋಗಿ ಕಟ್ಟೆ ಹಿಡಿದು ಕೂತೆ. ನೀಲವ್ವ ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು, ಗಡಿಯಾರದ ಬೆನ್ನಿಗೆ ಹಾಕಿ ತಿರುವಿದಳು. ಗುರುಪಾದಪ್ಪನವರು ದೂರದಲ್ಲಿ ಬೇವಿನ ಗಿಡದ ಕೆಳಗೆ ಆ ಕಡೆ ಮುಖ ಮಾಡಿ ಕೂತಿದ್ದರು. ಮಲ್ಲಪ್ಪ ಎಂಜಿನ್ ಹಚ್ಚಿದ. ಆ ವಾರ ಬೆಳಗಿನ ನೀರು ಅವರದು.

ನಾನು ನಿಮಿಷದ ಮುಳ್ಳನ್ನು ನನ್ನ ಕೈಗಡಿಯಾರಕ್ಕೆ ಹೋಲಿಸಿ ನೋಡುತ್ತಲೇ ಇದ್ದೆ. ಹುಟ್ಟಿ ಎಷ್ಟೋ ವರ್ಷವಾದ ಯಂತ್ರ ನನ್ನ ಹೊಸ ಗಡಿಯಾರದ ಜೊತೆ ಹೆಜ್ಜೆ ತಪ್ಪದೆ ನಡೆಯಿತು. ಹಿಂದೆ ಬೀಳಲಿಲ್ಲ, ಮುಂದೆ ಓಡಲಿಲ್ಲ. ಗಡಿಯಾರ ಖರೆಯಾಗಿತ್ತು. ಆ ಮಾತು ಹೇಳಿದರೆ ಸಾಕು, ಸಂಜೆಯ ಬಸ್ಸಿಗೆ ನಾನು ಗಡಿಯಾರ ಕೀಲಿ ಎರಡನ್ನೂ ಕಿಸೆಯಲ್ಲಿ ಹಾಕಿಕೊಂಡು ಹೊರಡಬಹುದಿತ್ತು. ನಾನು ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ. ಸೇಠರ ಮುಖ ಹೇಗೆ ಅರಳೀತು ಎಂದು ಲೆಕ್ಕ ಹಾಕುತ್ತಿದ್ದೆ. ಆದರೆ ಹಾಳು ಕುತೂಹಲ. ಗಡಿಯಾರ ಸರಿ ಇದ್ದರೆ ಕೊನೆಯ ಸಾಲಿಗೆ ನೀರೇಕೆ ಮುಟ್ಟುವುದಿಲ್ಲ? ಎದ್ದು ಹೋಗಿ ನೋಡಿದೆ. ಆಕೆ ಹೇಳಿದ್ದು ಹೌದು. ಬೇರೆಲ್ಲ ಸಸಿ ಚಿಗುರಿವೆ, ಆ ಒಂದು ಸಾಲು ಮುರುಟಿಕೊಂಡು ನಿಂತಿದೆ. ನೆಲ ಬಿರುಕು ಬಿಟ್ಟಿದೆ.

ಮಧ್ಯಾಹ್ನ ನೀಲವ್ವ ಸಲಿಕೆ ಹಿಡಿದು ಬಂದಳು. ಗಡಿಯಾರ ನೋಡಿ, "ಮಲ್ಲಪ್ಪಾ, ಮುಳ್ಳು ಅಂಕಿ ಮ್ಯಾಲ ಬಂತು" ಎಂದಳು.

"ಇನ್ನೂ ಆಗಿಲ್ಲ ಚಿಗವ್ವ. ಉದ್ದನ್ನ ಮುಳ್ಳು ಹನ್ನೆರಡರ ಮ್ಯಾಲ ಬರಬೇಕು" ಎಂದ ಮಲ್ಲಪ್ಪ. ಅವನ ಧ್ವನಿಯಲ್ಲಿ ಕಪಟ ಇರಲಿಲ್ಲ. ಎರಡು ಮುಳ್ಳಿನ ಗಡಿಯಾರ ನೋಡುವುದು ಹಾಗೆಯೇ ಎಂದು ಇಂಡಿಯ ರಿಪೇರಿಯವನು ಕಲಿಸಿ ಕಳಿಸಿದ್ದ. ಆಕೆ ಸಲಿಕೆ ಊರಿ ನಿಂತಳು. ಕಾಲು ಗಂಟೆಗೂ ಮಿಕ್ಕಿ ನಿಂತ ಮೇಲೆ ನೀರು ಆಕೆಯ ಕಡೆ ತಿರುಗಿತು. ನನಗೆ ಏನೋ ಚುಚ್ಚಿದಂತಾಯಿತು, ಏನೆಂದು ಹಿಡಿಯಲು ಆಗಲಿಲ್ಲ.

ಸಂಜೆ ಹಿಡಿಯಲು ಸಿಕ್ಕಿತು. ನಾಲ್ಕು ಗಂಟೆಗೆ ಆಕೆಯ ಪಾಳಿ ಮುಗಿಯಬೇಕು. ಆಕೆ ಒದ್ದೆ ಕಾಲಲ್ಲಿ ಬಂದು ಗೂಡಿನಲ್ಲಿ ಇಣುಕಿ, "ಮುಳ್ಳು ಬಂತಪ್ಪಾ, ನಿಲ್ಲಸು" ಎಂದಳು. ಆಕೆಗೆ ಬರುವುದು ತಾಸಿನ ಮುಳ್ಳು ನೋಡಲು ಮಾತ್ರ. ಮುಳ್ಳು ಅಂಕಿಯ ಮೇಲೆ ಬಂದ ಮೇಲೆ ಒಂದು ಗಳಿಗೆಯೂ ಹೆಚ್ಚಿನ ನೀರು ಬೇಡ, ಅದು ಹಿರಿಯರ ಮಾತು. ಮಲ್ಲಪ್ಪ ದೂರದಿಂದಲೇ ಹೂಂ ಎಂದು, ಗಡಿಯಾರ ನೋಡದೆ ಎಂಜಿನ್ ನಿಲ್ಲಿಸಿದ. ನಾನು ನೋಡಿದೆ. ತಾಸಿನ ಮುಳ್ಳು ನಾಲ್ಕರ ನಟ್ಟನಡುವೆ ನಿಂತಿತ್ತು. ನಿಮಿಷದ ಮುಳ್ಳು ಎಂಟರ ಮೇಲಿತ್ತು. ನನ್ನ ಕೈಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷ ಬಾಕಿ.

ರಿಪೇರಿಯವ ಹೊಸ ಮುಳ್ಳನ್ನು ತಾಸಿನ ಮುಳ್ಳಿಗೆ ಹೊಂದಿಸದೆ ಸುಮ್ಮನೆ ಒತ್ತಿ ಕೂಡಿಸಿದ್ದ. ಎರಡು ಮುಳ್ಳು ಎರಡು ಬೇರೆ ಹೊತ್ತು ಹೇಳುತ್ತಿದ್ದವು. ಆಕೆಯ ನೀರು ಶುರುವಾಗುವುದು ಮಲ್ಲಪ್ಪನ ಮುಳ್ಳಿನಿಂದ, ತಡವಾಗಿ. ಮುಗಿಯುವುದು ಆಕೆಯ ಮುಳ್ಳಿನಿಂದ, ಬೇಗ. ಬೆಳಗಿನ ಪಾಳಿಯಿದ್ದರೂ ಅಷ್ಟೇ, ಮಧ್ಯಾಹ್ನದ್ದಿದ್ದರೂ ಅಷ್ಟೇ. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ. ಕೊನೆಯ ಸಾಲು ಮಾತ್ರ ಒಣಗುತ್ತಿತ್ತು.

ಗುರುಪಾದಪ್ಪನವರನ್ನು ಕೂಗಿ ಕರೆದೆ. ಗಡಿಯಾರ ಅಂಗೈ ಮೇಲಿಟ್ಟು, ಇದು ಹೀಗೆ, ಅದು ಹಾಗೆ ಎಂದು ತೋರಿಸಿದೆ. ನೀಲವ್ವ ನಾಲ್ಕು ಮಾರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅವರು ಎರಡು ಸಲ ಕೇಳಿ ತಿಳಿದುಕೊಂಡರು. "ಹಂಗಾರ ಈ ಮುಳ್ಳು ಬಂದಾಗಿಂದ ಅಕಿ ಹೇಳಿದ್ದು ಖರೇನ?" ಎಂದರು. ಹೌದೆಂದೆ. ಅವರು ಆ ಕೊನೆಯ ಸಾಲಿನವರೆಗೆ ನಡೆದು ಹೋದರು. ಒಂದು ಸಸಿಯ ಬುಡದಲ್ಲಿ ಕೂತು ಮಣ್ಣನ್ನು ಬೆರಳಿನಿಂದ ಕೆದರಿ ನೋಡಿದರು. ವಾಪಸು ಬಂದು ಮಗನಿಗೆ, "ಎಂಜಿನ್ ಹಚ್ಚು. ಆ ಸಾಲು ತುಂಬೂ ತನಕ ನಿಲ್ಲಸಬ್ಯಾಡ" ಎಂದರು. ಮಲ್ಲಪ್ಪ ಸಣ್ಣ ಮುಖ ಮಾಡಿಕೊಂಡು, ತಾನೇ ಸಲಿಕೆ ತೆಗೆದುಕೊಂಡು ನೀರಿನ ಜೊತೆಗೆ ಆ ಸಾಲಿನ ಕಡೆ ಹೋದ.

ಆಮೇಲೆ ಗುರುಪಾದಪ್ಪನವರು ನನ್ನ ಕಡೆ ತಿರುಗಿ, ಆ ಹೊಸ ಮುಳ್ಳು ತೆಗೆಯಿರಿ ಎಂದರು. ನಾನು ತೆಗೆದೆ. ದಪ್ಪ ಬೆರಳಿನಿಂದ ನಾನು ಮಾಡಿದ ಅತ್ಯಂತ ನಾಜೂಕಿನ ಕೆಲಸ ಅದು. ನೀಲವ್ವನ ಒಲೆಯಿಂದ ಕೆಂಡ ಬಂತು. ಅರಗು ಕರಗಿಸಿ ಎಲ್ಲರ ಎದುರು ಗಾಜಿನ ಸುತ್ತ ಹಚ್ಚಿದರು. ಗಡಿಯಾರ ಮಾರುವ ಮಾತು ಅಲ್ಲಿಗೆ ಮುಗಿಯಿತು.

ಸೋಲಾಪುರಕ್ಕೆ ಬರಿಗೈಯಲ್ಲಿ ಹೋದೆ. ಸೇಠರು ಎಲ್ಲ ಕೇಳಿ, "ಗಡಿಯಾರ ಖರೇನ ನಡೀತಿತ್ತಲ್ಲೋ. ಖರೇ ಐತಿ ಅಂದಿದ್ರ ಅದೇನು ಸುಳ್ಳು ಆಗ್ತಿತ್ತೇನು?" ಎಂದರು. ಆಗುತ್ತಿರಲಿಲ್ಲ. ಈ ಕೆಲಸದಲ್ಲಿ ಕಷ್ಟವಾದದ್ದು ಅದೇ, ಹುಡುಗರೇ. ಸೇಠರು ಕೆಲಸದಿಂದ ತೆಗೆಯಲಿಲ್ಲ. ಬಹಳ ದಿನ ನನ್ನ ಜೊತೆ ಚಹಾ ಮಾತ್ರ ಕುಡಿಯಲಿಲ್ಲ.

ಅದಿರಲಿ. ಹೊರ್ತಿಯಿಂದ ನಾನು ಹೊರಡುವ ಮುಂಚೆ ಆದದ್ದನ್ನು ಹೇಳಬೇಕು. ಅರಗು ಆರಿದ ಮೇಲೆ ನೀಲವ್ವ ಮುಂದೆ ಬಂದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಬಾವಿಯ ಕಟ್ಟೆಯ ಮೇಲೆ, ಗಡಿಯಾರದ ಪಕ್ಕದಲ್ಲಿ ಇಟ್ಟಳು. ನನ್ನ ಕಡೆ ನೋಡಿ, "ಅವರಿಗೆ ಹೇಳ್ರಿ. ನಾನು ಅವರ ಮ್ಯಾಲ ಸಂಶೇ ಪಟ್ಟೆ, ತಪ್ಪಾತು. ಇನ್ನ ಮ್ಯಾಲ ಕೀಲಿನೂ ಅವರ ಹತ್ರನ ಇರ್ಲಿ" ಎಂದಳು.

ಗುರುಪಾದಪ್ಪನವರು ಮೂರು ಹೆಜ್ಜೆ ಅತ್ತ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬೇಡವೆಂದು ಕೈ ಎತ್ತಿದರು.

"ಅಕಿಗೆ ಹೇಳ್ರಿ, ಕೀಲಿ ತಗೋ ಅನ್ರಿ. ಈ ಸಲ ತಪ್ಪು ಮುಳ್ಳಿಂದು. ಮುಂದ ಮಳಿ ಇಲ್ಲದ ವರ್ಷ ಬರ್ತದ, ಭಾಂವ್ಯಾಗ ನೀರು ತಳಾ ಕಾಣ್ತದ, ನನ್ನ ಗಿಡಾನೂ ಒಣಗ್ತಾವ. ಅವತ್ತ ಗಡಿಯಾರ, ಕೀಲಿ ಎರಡೂ ನನ್ನ ಕೈಯಾಗ ಇದ್ರ ನಾ ಏನ್ ಮಾಡ್ತೇನಿ ನನಗ ಗೊತ್ತಿಲ್ಲ."

ನಾನು ಅದನ್ನು ಆಕೆಗೆ ದಾಟಿಸಬೇಕಾಗಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಆಕೆ ಕೀಲಿ ಎತ್ತಿಕೊಂಡು ಸೆರಗಿನ ಗಂಟು ಬಿಗಿಯುತ್ತಿದ್ದಳು.